ಬಾರದ ಒಟಿಪಿ ತರಿಸಿದ್ದು ಹೀಗೆ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಪೇಟೆಯಿಂದ ಸ್ವಲ್ಪ ಈಚೆಗೆ ನನ್ನದೊಂದು ಅಂಗಡಿ ಉಂಟು. ಜೆರಾಕ್ಸ್, ಕರೆಂಟ್ ಬಿಲ್, ಆನ್‌ಲೈನ್ ಅರ್ಜಿ, ಸೀಸನ್ನಿನಲ್ಲಿ ಮದುವೆ ಕಾಗದದ ಡಿಟಿಪಿ. ಇದೇ ಕೆಲಸ ಮಾಡುವವರಿಗೆ ಪಿಎಂ ಕಿಸಾನ್ ಇಕೆವೈಸಿಗೆ, ಅಂದರೆ ರೈತರಿಗೆ ಕೇಂದ್ರ ಸರಕಾರ ಕೊಡುವ ದುಡ್ಡಿಗಾಗಿ ಆಧಾರಿನಿಂದ ಗುರುತು ಖಚಿತಪಡಿಸುವುದಕ್ಕೆ, ಎಲ್ಲಿ ಒತ್ತಬೇಕು ಅಂತ ನಾನು ಕಲಿಸಬೇಕಾಗಿಲ್ಲ. ಒತ್ತಿದ ಮೇಲೆ ಮೊಬೈಲಿಗೆ ಒಟಿಪಿ ಕೋಡು ಬಾರದಿದ್ದರೆ ಎಂತ ಮಾಡುವುದು, ಅಷ್ಟೇ ಹೇಳುತ್ತೇನೆ.

ಎರಡು ವರ್ಷ ನಾನು ಮಾಡಿದ್ದು ಒಂದೇ ಕೆಲಸ. "ಸರ್ವರ್ ಡೌನ್, ನಾಳೆ ಬನ್ನಿ" ಅಂತ ಹೇಳುವುದು. ನಾಳೆ ಬಂದರೆ ಮತ್ತೆ ನಾಳೆ. ಬಸ್ಸಿಗೆ ದುಡ್ಡು ಕೊಟ್ಟು ಬಂದ ಮುದುಕರು ಬೈಯುವುದೂ ಇಲ್ಲ, ಸುಮ್ನೆ ಚೀಲ ಎತ್ತಿಕೊಂಡು ಹೋಗುತ್ತಾರೆ. ಬೈದಿದ್ದರೇ ವಾಸಿ ಇತ್ತು. ಕೊನೆಗೆ ಒಂದು ನೋಟ್ ಪುಸ್ತಕ ಇಟ್ಟು, ಯಾರ ಕೋಡು ಯಾಕೆ ಬರಲಿಲ್ಲ ಅಂತ ಬರೆಯಲು ಶುರುಮಾಡಿದೆ. ಬದಿಯಡ್ಕದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನನ್ನ ಭಾವ ನಕ್ಕದ್ದೇ ನಕ್ಕದ್ದು. "ಒಟಿಪಿ ಕಳಿಸುವುದು ದೆಲ್ಲಿಯವರು. ನೀನು ಪೆರ್ಲದಲ್ಲಿ ಕೂತು ಪುಸ್ತಕ ಬರೆದರೆ ಬರ್ತದಾ ಮಾರಾಯ?" ಬಂತು ಭಾವ. ಈಗ ಅವನ ಗಿರಾಕಿಗಳನ್ನು ಅವನೇ ನನ್ನ ಹತ್ತಿರ ಕಳಿಸುತ್ತಾನೆ.

ಬೆರಳು ಒತ್ತಿದರೆ ಆಯ್ತಲ್ಲ, ಒಟಿಪಿಯ ಹಿಂದೆ ಯಾಕೆ ಬಿದ್ದದ್ದು ಅಂತ ಕೇಳಬಹುದು. ನಮ್ಮ ಕಡೆಯ ಬೆರಳು ನೋಡಿದ್ದೀರಲ್ವಾ? ಅಡಿಕೆ ಸುಲಿದು, ಬೀಡಿ ಕಟ್ಟಿ, ರಬ್ಬರ್ ಹಾಲು ತೆಗೆದು ಗೆರೆಯೇ ಉಳಿದಿರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕೊಬ್ಬರಿ ಎಣ್ಣೆ ಮುಟ್ಟಿಸಿ, ಹತ್ತೂ ಬೆರಳು ಒತ್ತಿಸಿದರೂ ಕೆಂಪು ದೀಪವೇ. ಪಿಂಚಣಿಯವರು ಬದುಕಿದ್ದೇವೆ ಅಂತ ತೋರಿಸುವ ಮಸ್ಟರಿಂಗಿನಲ್ಲೂ ಇದೇ ಗೋಳು. ಹಾಗಾಗಿ ಕೋಡು ಬೇಕೇ ಬೇಕು. ವರ್ಷಕ್ಕೆ 2000ದಂತೆ ಮೂರು ಕಂತು, ಒಟ್ಟು 6000 ರೂಪಾಯಿ. ಅಡಿಕೆ ತೋಟಕ್ಕೆ ಎರಡು ಸಲ ಬೋರ್ಡೋ ಮದ್ದು ಹೊಡೆಯುವವನಿಗೆ ಮೈಲುತುತ್ತಿನ ಖರ್ಚಿಗಾದರೂ ಆಗುತ್ತದೆ.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ.

ಒಂದು, ರೀಸೆಂಡ್. ಕೋಡು ಬರಲಿಲ್ಲ ಅಂದಕೂಡಲೇ ಮತ್ತೆ ಒತ್ತು, ಮತ್ತೆ ಒತ್ತು. ನಾಲ್ಕನೇ ಸಲ ಒತ್ತುವಾಗ ಮೊದಲನೆಯದ್ದು ಬರುತ್ತದೆ. ಅದನ್ನು ಹಾಕಿದರೆ ತಪ್ಪು ಅನ್ನುತ್ತದೆ, ಯಾಕೆಂದರೆ ಹೊಸದು ಹೊರಟ ಕೂಡಲೇ ಹಳೆಯದು ಸತ್ತಿರುತ್ತದೆ. ಮತ್ತೆ ಒತ್ತಿದರೆ ಬಾಗಿಲೇ ಬಂದ್. ಈಗ ನನ್ನ ಮೇಜಿನ ಮೇಲೆ ಗಡಿಯಾರ ಉಂಟು. ಒಮ್ಮೆ ಒತ್ತಿದ ಮೇಲೆ ಹತ್ತು ನಿಮಿಷ ಮೌಸನ್ನು ಮುಟ್ಟುವುದಿಲ್ಲ. ಆಧಾರಿನ ಕೋಡಿಗೆ ಆಯುಸ್ಸು ಇರುವುದೂ ಅಷ್ಟೇ ಅಲ್ವಾ. ಆ ಹತ್ತು ನಿಮಿಷ ಇನ್ನೊಬ್ಬರ ಜೆರಾಕ್ಸ್ ಮಾಡುತ್ತೇನೆ.

ಎರಡು, ಸಿಗ್ನಲ್ ಹೆಚ್ಚಿಸುವ ಪೆಟ್ಟಿಗೆ. ಮಂಗಳೂರಿನಿಂದ ತಂದದ್ದು, ಸುಮಾರು 1800 ಕೊಟ್ಟಿದ್ದೆ. ಮಾಡಿಗೆ ಆಂಟೆನಾ ಕಟ್ಟಿ, ಒಳಗೆ ವಯರು ಎಳೆದು, ಮೂರು ದಿನ ಗಮ್ಮತ್ತು. ಕೋಡು ಮಾತ್ರ ಮೊದಲಿನ ಹಾಗೆಯೇ. ಆಮೇಲೆ ಭಾವ ಹೇಳಿದ, ಅಂಥದ್ದನ್ನು ಲೈಸನ್ಸ್ ಇಲ್ಲದೆ ಇಡುವುದೇ ಅಪರಾಧ ಅಂತ. ಈಗ ಅಟ್ಟದಲ್ಲಿ ಉಂಟು. ನಡುವೆ ಯಾರೋ ಹೇಳಿದರು ಅಂತ ಫೋನನ್ನು ಸ್ಟೀಲ್ ಕೊಡಪಾನದ ಮೇಲೆ ಕೂಡ ಇಟ್ಟು ನೋಡಿದ್ದೇನೆ. ಅದರ ಬಗ್ಗೆ ಬರೆಯುವುದು ಬೇಡ.

ನೋಟ್ ಪುಸ್ತಕದಲ್ಲಿ ಒಂದೂವರೆ ವರ್ಷಕ್ಕೆ ಅಂದಾಜು 130 ಹೆಸರು ಆಯಿತು. ಅದರಲ್ಲಿ ನಿಜವಾಗಿ ಸರ್ವರಿನದ್ದೇ ತಪ್ಪು ಇದ್ದದ್ದು ಏಳೋ ಎಂಟೋ. ಉಳಿದವರದ್ದೆಲ್ಲ ಕೋಡು ಹೊರಟಿತ್ತು. ಬೇರೆ ಕಡೆಗೆ ಹೋಗಿತ್ತು, ಇಲ್ಲದಿದ್ದರೆ ಅವರ ಜೇಬಿನ ಬಾಗಿಲಲ್ಲೇ ನಿಂತಿತ್ತು.

ಆದ್ದರಿಂದ ಈಗ ಮೊದಲ ಕೆಲಸ, ಕೋಡು ಯಾವ ನಂಬರಿಗೆ ಹೋಗುತ್ತದೆ ಅಂತ ನೋಡುವುದು. ಗಿರಾಕಿಯ ಬಾಯಿಮಾತು ನಂಬಬೇಡಿ. "ಇದೇ ನಂಬರು ಮಗಾ, ಬೇರೆ ಇಲ್ಲವೇ ಇಲ್ಲ" ಅನ್ನುತ್ತಾರೆ. ಆಧಾರಿನ ಜಾಲತಾಣದಲ್ಲಿ ಆಧಾರ್ ಊರ್ಜಿತ ಉಂಟಾ ಅಂತ ನೋಡುವ ಪುಟ ಇದೆಯಲ್ಲ, ಅಲ್ಲಿ ಒಟಿಪಿ ಕೇಳುವುದೇ ಇಲ್ಲ. ವಯಸ್ಸಿನ ಅಂದಾಜು, ರಾಜ್ಯ, ಮೊಬೈಲಿನ ಕೊನೆಯ ಮೂರು ಅಂಕಿ ತೋರಿಸುತ್ತದೆ. ಮೂರು ಅಂಕಿ ತಾಳೆಯಾಗದಿದ್ದರೆ ಅಲ್ಲಿಗೇ ಕಥೆ ಮುಗಿಯಿತು. ನನ್ನ ಪುಸ್ತಕದ ಅರ್ಧದಷ್ಟು ಜನ ಇಲ್ಲೇ ಸಿಕ್ಕಿಬಿದ್ದವರು. ಆಧಾರ್ ಮಾಡಿಸುವ ಕಾಲದಲ್ಲಿ ಮನೆಗೊಂದೇ ಫೋನು. ಮಗನದ್ದೋ, ನೆರೆಮನೆಯವರದ್ದೋ ನಂಬರು ಕೊಟ್ಟಿದ್ದಾರೆ.

ಒಬ್ಬ ಅಜ್ಜನ ಹಳೆಯ ನಂಬರು ಹಳೆಯ ಪಾಸ್‌ಬುಕ್ಕಿನ ಹಿಂದೆ ಬರೆದದ್ದು ಸಿಕ್ಕಿತು. ಕರೆ ಮಾಡಿದೆ. ಎತ್ತಿದ ಹುಡುಗ ತಮಿಳಿನಲ್ಲಿ ಮಾತಾಡಿದ. ರೀಚಾರ್ಜ್ ಇಲ್ಲದೆ ಸತ್ತ ನಂಬರನ್ನು ಕಂಪೆನಿಯವರು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು, ಹಾಗೆ ಹೋದದ್ದು. ನನ್ನ ಹರಕು ತಮಿಳಿನಲ್ಲಿ ವಿಷಯ ಹೇಳಿದೆ. "ಅಯ್ಯೋ, ಆ ಕೋಡು ನಿಮ್ಮದಾ, ವಾರಕ್ಕೊಂದು ಬರುತ್ತಿತ್ತು" ಅಂದ. ಒಳ್ಳೆಯ ಹುಡುಗ, ಆಗಲೇ ಹೇಳಲಿಕ್ಕೂ ತಯಾರಿದ್ದ. ಬೇಡ ಅಂದೆ. ಅವತ್ತು ಕೆಲಸ ಆಗುತ್ತಿತ್ತು ನಿಜ. ಆದರೆ ಅಜ್ಜನ ಆಧಾರಿನ ಬೀಗದ ಕೈ ಮತ್ತೂ ಅವನ ಕಿಸೆಯಲ್ಲೇ ಉಳಿಯುತ್ತಿತ್ತು. ಆಧಾರ್ ಕೇಂದ್ರಕ್ಕೆ ಕಳಿಸಿ ನಂಬರು ಬದಲಿಸಿದೆವು. ಮೊದಲು 50 ರೂಪಾಯಿ ಇತ್ತು, 2025ರ ಅಕ್ಟೋಬರದಿಂದ 75. ಬೇರೆ ದಾಖಲೆ ಏನೂ ಬೇಡ, ಕೇಂದ್ರದಲ್ಲಿ ಮಾಡಿಸುವುದಾದರೆ ಆಧಾರಿನವರೇ ಹೋಗಬೇಕು. ನಾಲ್ಕೈದು ದಿನದಲ್ಲಿ ಹೊಸ ಅಂಕಿ ಕಾಣಿಸಿತು. ತಡೆದು ನಿಂತಿದ್ದ ಮೂರು ಕಂತು ಮುಂದಿನ ಕಂತಿನ ಹೊತ್ತಿಗೆ ಖಾತೆಗೆ ಬಂತು. ಅಜ್ಜ ಒಂದು ಗೊನೆ ಕದಳಿ ತಂದು ಮೇಜಿನ ಮೇಲೆ ಇಟ್ಟರು. ಭಾವನಿಗೂ ನಾಲ್ಕು ಕೊಟ್ಟೆ, ತಿಂದ.

ಅಂಕಿ ಸರಿ ಇದ್ದೂ ಬಾರದಿದ್ದರೆ? ನನ್ನ ಫೋನಿನಿಂದ ಅವರಿಗೆ ಒಂದು ಮಾಮೂಲಿ ಮೆಸೇಜು ಕಳಿಸುತ್ತೇನೆ. ವಾಟ್ಸಾಪ್ ಅಲ್ಲ, ಎಸ್ಸೆಮ್ಮೆಸ್. ಅದೂ ಬರಲಿಲ್ಲ ಅಂದರೆ ದೆಲ್ಲಿಯವರನ್ನು ಬಯ್ಯುವ ಅಗತ್ಯ ಇಲ್ಲ. ಹೆಚ್ಚಾಗಿ ರೀಚಾರ್ಜ್ ಮುಗಿದಿರುತ್ತದೆ. "ಫೋನ್ ಬರುವುದಕ್ಕೆ ಯಾಕೆ ದುಡ್ಡು?" ಅಂತ ಹಳೆಯ ಕಾಲದ ಲೆಕ್ಕದಲ್ಲೇ ಇದ್ದಾರೆ. ಇಂಥ ರೀಚಾರ್ಜಿಗೆ ನಾನು ಕೈಯಿಂದ ಹಾಕಿದ ದುಡ್ಡು ಎರಡೂವರೆ ಸಾವಿರ ದಾಟಿರಬೇಕು. ಅರ್ಧ ವಾಪಸು ಬಂದಿದೆ ಅಂತ ಇಟ್ಟುಕೊಳ್ಳುವ.

ಸಿಮ್ ಕಳೆದು ಹೊಸತು ಮಾಡಿಸಿದ್ದೀರಾ ಅಂತಲೂ ಕೇಳಬೇಕು. ಹೊಸ ಸಿಮ್ ಚಾಲೂ ಆದ ಮೇಲೆ 24 ಗಂಟೆ ಮೆಸೇಜು ಬರುವುದೂ ಇಲ್ಲ, ಹೋಗುವುದೂ ಇಲ್ಲ. ಕಳ್ಳತನ ತಡೆಯಲು ಮಾಡಿದ ನಿಯಮ. ಇದು ಗೊತ್ತಿಲ್ಲದೆ ಒಬ್ಬರ ಸಿಮ್ಮನ್ನು ಒಂದೇ ದಿನ ಮೂರು ಫೋನಿಗೆ ಹಾಕಿ ತೆಗೆದು, ಕೊನೆಗೆ ಸಿಮ್ಮಿನ ಮೂಲೆ ಮುರಿದಿದ್ದೇನೆ. ಮತ್ತೆ ಹೊಸ ಸಿಮ್, ಮತ್ತೆ 24 ಗಂಟೆ. ಖರ್ಚು ನನ್ನದು.

ಇನ್ನು ನನಗೆ ಅತೀ ಖುಷಿ ಕೊಟ್ಟದ್ದು ಲಕೋಟೆಯ ಸಂಗತಿ. ಸ್ವರ್ಗ ಅಂತ ಇಲ್ಲಿಯದ್ದೇ ಒಂದು ಊರು, ಆ ಕಡೆಯ ಒಬ್ಬ ಅಜ್ಜಿ. ಗುಂಡಿ ಒತ್ತುವ ಸಣ್ಣ ಫೋನು, ಗಾಜಿನ ಮೇಲೆ ಗೀಟು, ಹಿಂದಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡು. ಮೂರು ಕಡೆ ಹೋಗಿ ಬಂದಿದ್ದರು, ಕೋಡಿಲ್ಲ. ಅಂಕಿ ಸರಿ, ರೀಚಾರ್ಜ್ ಉಂಟು, ಕರೆ ಬರುತ್ತದೆ. ಫೋನನ್ನು ಕೈಯಲ್ಲಿ ತಿರುಗಿಸುತ್ತಾ ಇದ್ದಾಗ ಕಂಡಿತು, ಮೇಲಿನ ಮೂಲೆಯಲ್ಲಿ ಸಾಸಿವೆಯಷ್ಟು ದೊಡ್ಡ ಲಕೋಟೆ ಮಿಣುಕುತ್ತಾ ಇತ್ತು. ಹೊಸ ಮೆಸೇಜು ಅಂತ ಅಲ್ಲ ಅದು, ಜಾಗ ಇಲ್ಲ ಅಂತ. ಪೆಟ್ಟಿಗೆ ತುಂಬ ಸಾಲ ಬೇಕಾ, ಹಾಡು ಬೇಕಾ, ಡೇಟಾ ಮುಗಿಯಿತು. ಅಜ್ಜಿಯ ಹತ್ತಿರ ಕೇಳಿ ಹತ್ತು ಅಳಿಸಿದೆ. ಅರ್ಧ ನಿಮಿಷ ಏನೂ ಇಲ್ಲ. ಮತ್ತೆ ಟಿಣ್. ಟಿಣ್. ಟಿಣ್. ಬಾಗಿಲ ಹೊರಗೆ ಸಾಲು ನಿಂತವರ ಹಾಗೆ ಒಂದರ ಹಿಂದೆ ಒಂದು ಒಳಗೆ ಬಂತು. ಅದರಲ್ಲಿ ಐದು ಒಟಿಪಿ, ಮೊನ್ನೆಯದ್ದು, ನಿನ್ನೆಯದ್ದು, ಆಗಿನದ್ದು. ಅಜ್ಜಿ ಬೆಚ್ಚಿ "ಇದೆಂತ ಮಗಾ, ಫೋನು ಹಾಳಾಯಿತಾ?" ಅಂದರು.

ದೊಡ್ಡ ಫೋನಿನವರದ್ದು ಬೇರೆ ರೋಗ. ಮೊಮ್ಮಕ್ಕಳು ಕಿರಿಕಿರಿ ತಪ್ಪಲಿ ಅಂತ ಗುರುತಿಲ್ಲದ ಮೆಸೇಜನ್ನೆಲ್ಲ ಬ್ಲಾಕ್ ಮಾಡಿಟ್ಟಿರುತ್ತಾರೆ. ಸ್ಪ್ಯಾಮ್ ಪೆಟ್ಟಿಗೆ ತೆರೆದರೆ ಕೋಡುಗಳ ಗುಡ್ಡೆ. ಈಗ ಕಳಿಸಿದವರ ಹೆಸರಿನ ಬಾಲದಲ್ಲಿ ಒಂದು ಅಕ್ಷರ ಇರುತ್ತದೆ, ಜಾಹೀರಾತಿಗೆ ಪಿ, ಸರಕಾರಕ್ಕೆ ಜಿ, ಹಾಗೆ. ಪಿ ಬಾಲದವನ್ನು ಬಿಟ್ಟು ಉಳಿದದ್ದನ್ನು ನೋಡಿದರೆ ಬೇಗ ಸಿಗುತ್ತದೆ. ಕೋಡು ಎರಡು ಬರುತ್ತದೆ ಅನ್ನುವುದನ್ನೂ ಮರೆಯಬಾರದು. ಮೊಬೈಲ್ ನಂಬರಿನ ಸಲುವಾಗಿ ಒಂದು, ಆಧಾರಿನ ಆರು ಅಂಕಿಯದ್ದು ಇನ್ನೊಂದು. ಅದನ್ನು ಇದರ ಮನೆಗೆ ಹಾಕಿ "ಬರಲೇ ಇಲ್ಲ" ಅನ್ನುವವರು ನಮ್ಮಲ್ಲೇ ಎಷ್ಟೋ ಜನ.

ಇಷ್ಟೂ ಸರಿ ಇದ್ದರೆ ಮಾತ್ರ ಟವರನ್ನು ನೋಡುತ್ತೇನೆ. ಅಡ್ಕಸ್ಥಳದ ಆಚೆ ಸಾರಡ್ಕ, ಅದು ಕರ್ನಾಟಕ. ಗಡಿಯ ಮನೆಗಳಲ್ಲಿ ಫೋನು ಒಳಕೋಣೆಯಲ್ಲಿ ಕೇರಳದ ಟವರು, ಅಂಗಳದಲ್ಲಿ ಕರ್ನಾಟಕದ ಟವರು ಹಿಡಿಯುತ್ತದೆ. ಆಚೆ ಈಚೆ ಹಾರುತ್ತಾ ಇದ್ದರೆ ಮೆಸೇಜು ತಡವಾಗುತ್ತದೆ. ಅದಕ್ಕೆ ನಾನು 700 ರೂಪಾಯಿಗೆ ಒಂದು ಹಳೆಯ ಕೀಪ್ಯಾಡ್ ಫೋನು ತೆಗೆದಿಟ್ಟಿದ್ದೇನೆ. ಪೆಟ್ಟಿಗೆ ಯಾವಾಗಲೂ ಖಾಲಿ. ಗಿರಾಕಿಯ ಸಿಮ್ಮನ್ನು ಅವರ ಎದುರೇ ಅದಕ್ಕೆ ಹಾಕಿ, ನೆಟ್‌ವರ್ಕನ್ನು ಕೈಯಿಂದಲೇ ಆರಿಸಿ, ಅಂಗಡಿಯ ಹಿಂದಿನ ಅಡಿಕೆ ಒಣಗಿಸುವ ಅಂಗಳಕ್ಕೆ ಹೋಗಿ ನಿಲ್ಲುವುದು. ಆ ಹಳೆಯ ಫೋನಿಗೆ 2ಜಿಯೇ ಗತಿ. 2ಜಿ ಇಲ್ಲದ ಕಂಪೆನಿಯ ಸಿಮ್ಮಿಗೆ ಇದು ನಡೆಯುವುದಿಲ್ಲ, ಅದಕ್ಕೆ ಬೇರೆ ಫೋನು ಬೇಕು. ಸಿಮ್ ಹಾಕುವ ಮೊದಲು ಆ ಕೀಪ್ಯಾಡ್ ಫೋನಿನಲ್ಲಿ ಒಂದು ಸಣ್ಣ ಬದಲಾವಣೆ ಮಾಡುತ್ತೇನೆ. ಅದನ್ನು ಭಾವನಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಅಂಗಡಿ ನಡೆಯಬೇಕಲ್ಲ.

ನಡುವೆ ಒಂದು ತಿಂಗಳು ಮುಖ ತೋರಿಸುವ ಆ್ಯಪಿನ ಹಿಂದೆಯೂ ಬಿದ್ದಿದ್ದೆ. ಪಿಎಂ ಕಿಸಾನ್ ಆ್ಯಪಿನಲ್ಲಿ 2023ರಿಂದ ಉಂಟು, ಕೋಡೂ ಬೇಡ, ಬೆರಳೂ ಬೇಡ. ನನ್ನ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಹತ್ತರಲ್ಲಿ ಮೂರು ಆಗುತ್ತಿತ್ತು. ಹೊರಗೆ ನೀಲಿ ಟಾರ್ಪಾಲಿನ ಅಡಿಯಲ್ಲಿ ಎಲ್ಲರೂ ನೀಲಿ, ಒಂದೂ ಆಗಲಿಲ್ಲ. ಬೆಳಿಗ್ಗೆ ಒಂಬತ್ತರ ಬಿಸಿಲಿಗೆ ಮುಖ ಮಾಡಿ, ಹಿಂದೆ ಬಿಳಿ ಗೋಡೆ ಇದ್ದರೆ ಹತ್ತರಲ್ಲಿ ಎಂಟರವರೆಗೆ ಆಯಿತು. ಕಣ್ಣು ಮಿಟುಕಿಸಿ ಅಂದರೆ ಹಿರಿಯರು ಎರಡೂ ಕಣ್ಣು ಗಟ್ಟಿ ಮುಚ್ಚಿ ದೇವರಿಗೆ ಕೈಮುಗಿದ ಹಾಗೆ ನಿಲ್ಲುತ್ತಾರೆ. "ಸೊಳ್ಳೆ ಬಂದ ಹಾಗೆ ಮಾಡಿ ಅಜ್ಜ" ಅಂದರೆ ಸರಿಯಾಗುತ್ತದೆ. ಬಿಸಿಲು ಇರುವ ತಿಂಗಳಿಗೆ ಒಳ್ಳೆಯದು. ಜೂನ್ ಬಂದ ಮೇಲೆ ನಮ್ಮಲ್ಲಿ ಬಿಸಿಲೆಲ್ಲಿ?

ದುಡ್ಡಿನ ಲೆಕ್ಕ ಕೇಳುವವರಿಗೆ: ಕೋಡು ಬಂದು ಕೆಲಸ ಆದರೆ 50 ತೆಗೆದುಕೊಳ್ಳುತ್ತೇನೆ, ಆಗದಿದ್ದರೆ ಏನೂ ಇಲ್ಲ. ಪೆಟ್ಟಿಗೆ, ಫೋನು, ರೀಚಾರ್ಜು, ಮುರಿದ ಸಿಮ್ಮು ಎಲ್ಲ ಸೇರಿ ಐದು ಸಾವಿರದ ಮೇಲೆ ಹೋಗಿದೆ. ಬಂದದ್ದು ಅದಕ್ಕಿಂತ ತುಂಬ ಹೆಚ್ಚೇನಲ್ಲ. ಆದರೆ ಕೋಡಿಗೆ ಬಂದವರು ಜೆರಾಕ್ಸೂ ಮಾಡಿಸುತ್ತಾರೆ, ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಕೋಡನ್ನು ಮಾತ್ರ ನಾನು ಓದುವುದಿಲ್ಲ. ಅವರೇ ಓದಿ ಹೇಳಬೇಕು, ಓದಲು ಬಾರದಿದ್ದರೆ ಜೊತೆಗೆ ಬಂದವರು. ಕೆಲಸ ಮುಗಿದ ಕೂಡಲೇ ಸಿಮ್ ಅವರ ಫೋನಿಗೆ.

ಪುಸ್ತಕದಲ್ಲಿ ಈಗ ಟಿಕ್ ಬೀಳದ್ದು ಒಂದೇ ಹೆಸರು. ಆಧಾರಿಗೆ ಸೇರಿಸಿದ್ದು ಮಗನ ನಂಬರು, ಮಗ ಸೌದಿಯಲ್ಲಿ. ಸಿಮ್ ಅಲ್ಲೇ ಉಂಟು, ರೋಮಿಂಗ್ ಚಾಲೂ ಉಂಟು, ಕೋಡು ಹೋಗಿ ಮುಟ್ಟಿದೆ. ತಾಯಿ ನನ್ನ ಅಂಗಡಿಯಿಂದಲೇ ಕರೆ ಮಾಡಿ ಕೇಳಿದರೆ ಅವನು ಹೇಳಲು ತಯಾರಿಲ್ಲ. "ಯಾರು ಕೇಳಿದರೂ ಹೇಳಬಾರದು ಅಂತ ಮೆಸೇಜಿನಲ್ಲೇ ಬರೆದಿದೆ ಅಮ್ಮಾ." ತಾಯಿಗೆ ಸಿಟ್ಟು ಬಂತು. "ನಿನ್ನನ್ನು ಹೆತ್ತವಳಿಗೂ ಹೇಳಬಾರದು ಅಂತ ಬರೆದಿದ್ದಾರಾ?" ವಿಡಿಯೋ ಕರೆ ಮಾಡಿ ನನ್ನ ಮುಖ ತೋರಿಸಿದರು. ಅದರಿಂದ ಅವನ ಸಂಶಯ ಜಾಸ್ತಿಯೇ ಆಯಿತು. ಅಷ್ಟರಲ್ಲಿ ಹತ್ತು ನಿಮಿಷ ಕಳೆಯಿತು. ಸೋಮವಾರ ಅವರನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗುವುದು ಅಂತ ಆಗಿದೆ. ರಿಕ್ಷಾ ಬಾಡಿಗೆ ಮಗ ಕಳಿಸುತ್ತಾನಂತೆ.