ಗಟಾರದ ಪಕ್ಕ ಡೇರೆ ಹೂ

ನಮ್ಮ ರಸ್ತೆ ಬದಿಯಲ್ಲಿ ಹೂ ಬೆಳೆಸಲು ಶುರು ಮಾಡಿ ನಾಲ್ಕು ಮಳೆಗಾಲ ಕಳೆಯಿತು. ಬೇರೆ ಬಡಾವಣೆಯವರು, ಸಿದ್ದಾಪುರ, ಯಲ್ಲಾಪುರ ಕಡೆಯ ನೆಂಟರು ಬಂದಾಗಲೆಲ್ಲ ನಿಂತು ನೋಡಿ, ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಅರ್ಧಂಬರ್ಧ ಹೇಳುವ ಬದಲು ಒಮ್ಮೆ ಕೂತು ಎಲ್ಲ ಬರೆದುಬಿಡೋಣ ಅನಿಸಿತು.

ಶಿರಸಿಯ ಒಂದು ಮಾಮೂಲಿ ಬಡಾವಣೆ ನಮ್ಮದು. ರಸ್ತೆ ಸುಮಾರು 300 ಮೀಟರ್ ಉದ್ದ. ಒಂದು ಬದಿಗೆ ಮನೆಗಳು. ಇನ್ನೊಂದು ಬದಿಗೆ ಗಟಾರ, ಅದರಾಚೆ ಒಂದು ಶಾಲೆಯ ಕಂಪೌಂಡು. ರಸ್ತೆಗೂ ಗಟಾರಕ್ಕೂ ನಡುವೆ ನಾಲ್ಕೈದು ಅಡಿ ಅಗಲದ ಜಾಗ. ಮೊದಲು ಅಲ್ಲಿ ಇದ್ದದ್ದು ಮುರಿದ ಚಿರೇಕಲ್ಲು, ಸಿಮೆಂಟಿನ ಗಟ್ಟಿ, ಪ್ಲಾಸ್ಟಿಕ್ ಕೊಟ್ಟೆ. ತಿರುವಿನಲ್ಲಿ ಕಸದ ರಾಶಿ. ಶಾಲೆ ಮಕ್ಕಳು ಮೂಗು ಮುಚ್ಚಿಕೊಂಡು ಓಡುತ್ತಿದ್ದರು.

ಮೊದಲ ವರ್ಷ ನಾವು ಮಾಡಿದ್ದು ಎಲ್ಲರೂ ಮಾಡುವ ಹಾಗೆ. ಜುಲೈ ಮೊದಲ ವಾರ ವನಮಹೋತ್ಸವ. 1950ರಿಂದ ದೇಶದಲ್ಲಿ ನಡೆದುಬಂದ ಪದ್ಧತಿ ಅದು. ನಾವೂ ಒಂದು ಭಾನುವಾರ ಎಂಟು ಮನೆಯವರು ಸೇರಿದೆವು. ಒಂದು ಟ್ರ್ಯಾಕ್ಟರ್ ಕಸ ತೆಗೆದೆವು. ನರ್ಸರಿಯಿಂದ ಪೆಟೂನಿಯಾ, ಸಾಲ್ವಿಯಾ, ಇನ್ನೂ ಹೆಸರು ಗೊತ್ತಿಲ್ಲದ ಬಣ್ಣಬಣ್ಣದ ಗಿಡಗಳನ್ನು ತಂದೆವು. ಜೊತೆಗೆ 40 ಮರದ ಸಸಿ. ಹಣ ಸುಮಾರು 18,000 ರೂಪಾಯಿ ಖರ್ಚಾಯಿತು. ಫೋಟೋ ತೆಗೆದುಕೊಂಡೆವು, ಅವಲಕ್ಕಿ ತಿಂದೆವು, ಮನೆಗೆ ಹೋದೆವು.

ಪೆಟೂನಿಯಾ ಎರಡು ವಾರ ಉಳಿಯಲಿಲ್ಲ. ನಮ್ಮ ಜುಲೈ ಮಳೆ ಗೊತ್ತಲ್ಲ. ಹಗಲೂ ರಾತ್ರಿ ಒಂದೇ ಸಮ ಸುರಿಯುತ್ತದೆ. ಬುಡ ಕೊಳೆತು, ಎಲೆ ಲೋಳೆಯಾಗಿ ಮಣ್ಣಿಗೆ ಅಂಟಿಕೊಂಡಿತು. ಸಸಿಗಳಲ್ಲಿ ಅರ್ಧದಷ್ಟನ್ನು ದನ ತಿಂದವು. ಉಳಿದವುಗಳಲ್ಲಿ ಹಲವು ಜನವರಿ ಮೇಲೆ ನೀರಿಲ್ಲದೆ ಒಣಗಿದವು. ಮಾರ್ಚಿನಲ್ಲಿ ಎಣಿಸಿದಾಗ ಇದ್ದದ್ದು ಒಂಬತ್ತು. ಆ ದಿನ ನನಗೆ ನಿಜವಾಗಿ ಅಳು ಬಂದಿತ್ತು. ದುಡ್ಡು ಹೋಯಿತು ಅಂತ ಅಷ್ಟೊಂದು ಬೇಜಾರಿರಲಿಲ್ಲ. ನೆಟ್ಟ ಮೇಲೆ ನಾವು ಯಾರೂ ತಿರುಗಿ ನೋಡಿರಲಿಲ್ಲ, ಅದು ಚುಚ್ಚುತ್ತಿತ್ತು.

ದಾರಿ ತೋರಿಸಿದ್ದು ನಮ್ಮ ಅತ್ತೆ. ಅವರು ಒಂದು ಸಂಜೆ ಹೇಳಿದರು, "ಮಾರಾಯ್ತಿ, ಪ್ರತಿ ಮನೆ ಅಂಗಳದಲ್ಲೂ ಡೇರೆ ಇದೆ. ಮಳೆಗೆ ಬೆಳೆದ ಗಿಡ ಬಿಟ್ಟು ದುಡ್ಡು ಕೊಟ್ಟು ಎಂತಕ್ಕೆ ತಂದ್ರಿ?"

ಮಲೆನಾಡಿನ ಹೆಂಗಸರಿಗೆ ಡೇರೆ ಹೂ ಅಂದರೆ ಏನು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹೊರಗಿನವರು ಡಾಲಿಯಾ ಅನ್ನುತ್ತಾರೆ. ಅದರ ತವರು ದೂರದ ಮೆಕ್ಸಿಕೋ, ಅಲ್ಲಿ ಅದು ರಾಷ್ಟ್ರೀಯ ಹೂವು. ನಮ್ಮಲ್ಲಿ ಮಾತ್ರ ಅದು ಅಮ್ಮನ ಮನೆಯಿಂದ ಮಗಳ ಮನೆಗೆ ಹೋಗುವ ಹೂವು. ಯಾರ ಮನೆಯಲ್ಲಿ ಹೊಸ ಬಣ್ಣ ಕಂಡರೂ "ಒಂದು ಗೆಡ್ಡೆ ಇಟ್ಟಿರಿ" ಅಂತ ಹೇಳಿಯೇ ಬರುವುದು. ಬೀಜ ಉಳಿಸುವ ಹೆಂಗಸರ ವನಸ್ತ್ರೀ ಬಳಗದವರು ಶಿರಸಿಯಲ್ಲಿ ನಡೆಸುವ ಮಲೆನಾಡ ಮೇಳಕ್ಕೆ ನೀವು ಹೋಗಿದ್ದರೆ, ಹೆಂಗಸರು ಬೀಜ, ಗೆಡ್ಡೆ ಕೈಯಲ್ಲಿ ಹಿಡಿದು ಮಾತಾಡುವಾಗ ಅವರ ಮುಖ ನೋಡಿರುತ್ತೀರಿ.

ಹಾಗಾಗಿ ಎರಡನೇ ವರ್ಷ ನರ್ಸರಿಗೆ ಹೋಗಲೇ ಇಲ್ಲ. ಏಪ್ರಿಲ್ ಕೊನೆಯಲ್ಲಿ ಮನೆಮನೆಗೆ ಹೋಗಿ ಕೇಳಿದೆವು. ಒಂದು ಮನೆಗೆ ಎರಡು ಗೆಡ್ಡೆ, ಒಂದು ಹಿಡಿ ಬೀಜ, ನಾಲ್ಕು ದಾಸವಾಳದ ಕೊಂಬೆ, ಇಷ್ಟೇ. ಯಾರೂ ಇಲ್ಲ ಅನ್ನಲಿಲ್ಲ. ಒಂದು ಮನೆಯ ಅಜ್ಜಿ, ಕಣ್ಣು ಸರಿಯಾಗಿ ಕಾಣದವರು, ಅಟ್ಟದಿಂದ ಬುಟ್ಟಿ ಇಳಿಸಿಕೊಟ್ಟು ಬರಿಯ ಕೈಯಲ್ಲಿ ಮುಟ್ಟಿಯೇ "ಇದು ಕೆಂಪು, ಇದು ನೇರಳೆ, ಇದು ಬಿಳಿ ಅಂಚಿನದ್ದು" ಅಂತ ಬೇರೆ ಮಾಡಿದರು. ಒಂದೊಂದಕ್ಕೂ ಬೇರೆ ಬೇರೆ ರೀತಿ ದಾರ ಕಟ್ಟಿಟ್ಟಿದ್ದರು. ಆಗಸ್ಟಿನಲ್ಲಿ ಹೂ ಬಂದಾಗ ನೋಡಿದೆ, ಒಂದೂ ತಪ್ಪಿರಲಿಲ್ಲ.

ಆಗ ಇನ್ನೊಂದು ಬದಲಾವಣೆ ತಾನಾಗಿಯೇ ಆಯಿತು. ಗೆಡ್ಡೆ ಕೊಟ್ಟ ಮನೆಯವರು ತಮ್ಮ ಗೆಡ್ಡೆ ಎಲ್ಲಿದೆ, ಮೊಳಕೆ ಬಂತಾ ಅಂತ ದಿನಾ ನೋಡತೊಡಗಿದರು. ನಾವು ಡ್ಯೂಟಿ ಪಟ್ಟಿ ಮಾಡಿ ವಾಟ್ಸಾಪಿನಲ್ಲಿ ಹಾಕಿದ್ದೆವು. ಅದರ ಅಗತ್ಯವೇ ಬೀಳಲಿಲ್ಲ. ಅವರವರ ಮನೆ ಎದುರಿನ ಹತ್ತು ಹದಿನೈದು ಅಡಿ ಅವರವರದ್ದು ಅಂತಾಯಿತು.

ಇನ್ನು ಕೆಲಸದ ವಿಷಯ. ರಸ್ತೆ ಬದಿಯ ಮಣ್ಣು ಮಣ್ಣೇ ಅಲ್ಲ, ಗಟ್ಟಿಯಾಗಿ ಕೂತ ಜಲ್ಲಿ. ಪಿಕಾಸಿ ಹಾಕಿದರೆ ಕಿಡಿ ಬರುತ್ತದೆ. ಒಂದೂವರೆ ಅಡಿ ಅಗೆದು ಆ ಜಲ್ಲಿಯನ್ನೆಲ್ಲ ಹೊರಗೆ ಹಾಕಿದೆವು. ತೋಟದ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ, ಹಳೆಯ ಅಡಿಕೆ ಸಿಪ್ಪೆ ಸೇರಿಸಿ ತುಂಬಿದೆವು. ನೆಲಕ್ಕಿಂತ ಮುಕ್ಕಾಲು ಅಡಿ ಎತ್ತರಕ್ಕೆ ಏರಿ ಮಾಡಿದೆವು. ಈ ಏರಿ ಇಲ್ಲದಿದ್ದರೆ ನಮ್ಮ ಕಡೆ ಡೇರೆ ಹಾಕುವುದೇ ಬೇಡ. ಬುಡದಲ್ಲಿ ಎರಡು ದಿನ ನೀರು ನಿಂತರೆ ಗೆಡ್ಡೆ ಕೊಳೆತು ಹೋಗುತ್ತದೆ.

ನೆಡುವ ಹೊತ್ತೂ ಅಷ್ಟೇ ಮುಖ್ಯ. ಜುಲೈಗೆ ಕಾಯಬಾರದು. ಮೇ ಕೊನೆಯಲ್ಲಿ ಎರಡು ಅಡ್ಡಮಳೆ ಬಿದ್ದು ಮಣ್ಣು ತಣಿದ ಕೂಡಲೇ ನೆಟ್ಟುಬಿಡಬೇಕು. ದೊಡ್ಡ ಮಳೆ ಬರುವಷ್ಟರಲ್ಲಿ ಬೇರು ಹಿಡಿದಿರುತ್ತದೆ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ. ನೆಡುವಾಗಲೇ ಪಕ್ಕದಲ್ಲಿ ಆಧಾರದ ಕೋಲು ಹುಗಿಯಬೇಕು, ಆಮೇಲೆ ಹುಗಿದರೆ ಗೆಡ್ಡೆಗೆ ಚುಚ್ಚುತ್ತದೆ. ಕಟ್ಟಲು ಬಾಳೆ ನಾರು ಸಾಕು. ಮೂರು ನಾಲ್ಕು ಜೊತೆ ಎಲೆ ಬಂದ ಮೇಲೆ ಕುಡಿ ಚಿವುಟಬೇಕು. ಮನೆ ಅಂಗಳದಲ್ಲಿ ತಟ್ಟೆಯಷ್ಟು ದೊಡ್ಡ ಹೂ ಬೇಕು ಅಂತ ಪಕ್ಕದ ಮೊಗ್ಗೆಲ್ಲ ತೆಗೆಯುವವರಿದ್ದಾರೆ. ರಸ್ತೆಗೆ ಅದು ಬೇಡ. ಹೂ ಚಿಕ್ಕದಾದರೂ ಜಾಸ್ತಿ ಇರಲಿ, ಬಿರುಮಳೆಗೆ ದೊಡ್ಡ ಹೂ ಬಾಗಿ ಕತ್ತು ಮುರಿದುಕೊಳ್ಳುತ್ತದೆ.

ಮಳೆಯಲ್ಲಿ ಸಿಂಬಳದ ಹುಳುವಿನ ಕಾಟ ಬಹಳ. ಒಂದೇ ರಾತ್ರಿಯಲ್ಲಿ ಎಳೆ ಚಿಗುರನ್ನು ಬೋಳಿಸಿಬಿಡುತ್ತವೆ. ಔಷಧಿ ಹೊಡೆಯಲಿಲ್ಲ, ಪಕ್ಕದಲ್ಲೇ ಮಕ್ಕಳು ಓಡಾಡುತ್ತಾರೆ. ರಾತ್ರಿ ಎಂಟೂವರೆಗೆ ಕೊಡೆ, ಟಾರ್ಚು, ಉಪ್ಪುನೀರಿನ ಡಬ್ಬಿ ಹಿಡಿದು ಹೊರಟರೆ ಅರ್ಧ ಗಂಟೆಯ ಕೆಲಸ. ಪಕ್ಕದ ಮನೆಯ ಭಾವ, ಬ್ಯಾಂಕಿನಿಂದ ನಿವೃತ್ತಿಯಾದವರು, ಇದನ್ನು ತಮ್ಮದೇ ಕೆಲಸ ಅಂತ ಹಿಡಿದುಕೊಂಡರು. ಒಂದು ದಿನವೂ ತಪ್ಪಿಸಲಿಲ್ಲ.

ದನಗಳಿಗೆ ಎರಡು ಉಪಾಯ. ಒಂದು, ಅಡಿಕೆ ಮರ ಸೀಳಿದ ದಬ್ಬೆಯ ಬೇಲಿ. ಎರಡು ಮಳೆಗಾಲ ಬರುತ್ತದೆ, ಆಮೇಲೆ ಒರಲೆ (ಗೆದ್ದಲು) ಹಿಡಿಯುತ್ತದೆ. ಇನ್ನೊಂದು, ಬೇಲಿಯ ಹೊರಗಿನ ಅಂಚಿಗೆ ನಿತ್ಯಪುಷ್ಪ. ಅದರ ಕಹಿಗೆ ದನ ಬಾಯಿ ಹಾಕುವುದಿಲ್ಲ. ಕಣಗಿಲೆಯನ್ನೂ ದನ ತಿನ್ನುವುದಿಲ್ಲ, ಹಾಕೋಣ ಅಂತ ಕೆಲವರು ಹೇಳಿದರು. ನಾನು ಬಿಲ್ಕುಲ್ ಬೇಡ ಅಂದೆ. ಅದರ ಎಲೆ, ಹೂ, ಬೇರು ಎಲ್ಲವೂ ವಿಷ. ಶಾಲೆ ಎದುರು ಅಂಥ ಗಿಡ ಇರಬಾರದು.

ತಿರುವಿನಲ್ಲಿ ಒಂದು ಹಳೆಯ ಮಾವಿನ ಮರ ಇದೆ. ಅದರ ನೆರಳಿನಲ್ಲಿ ಡೇರೆ ಬರಲಿಲ್ಲ. ಒಂದೆರಡು ಕೊಂಬೆ ಕಡಿದರೆ ಬಿಸಿಲು ಬೀಳುತ್ತದೆ ಅಂತ ಮಾತು ಬಂತು. ಅಲ್ಲಿದ್ದ ಹಿರಿಯರೊಬ್ಬರಿಗೆ ಸಿಟ್ಟು ಬಂತು. 1983ರಲ್ಲಿ ಅಪ್ಪಿಕೋ ಚಳವಳಿ ಶುರುವಾದದ್ದು ಇದೇ ತಾಲೂಕಿನ ಸಾಲ್ಕಣಿ ಕಡೆ, ಜನ ಮರ ತಬ್ಬಿ ನಿಂತು ಕಾಡು ಉಳಿಸಿದ ಊರಿನಲ್ಲಿ ಹೂವಿಗೆ ಅಂತ ಮರ ಕಡಿಯುತ್ತೀರಾ ಅಂತ ಕೇಳಿದರು. ಯಾರೂ ಮಾತಾಡಲಿಲ್ಲ. ಮರದಡಿಗೆ ಸುರುಳಿ ಸುಗಂಧಿ ಮತ್ತು ಬಣ್ಣದ ಕೆಸ ಹಾಕಿದೆವು. ಸುಗಂಧಿಗೆ ತಂಪು, ಒದ್ದೆ ನೆಲ ಇಷ್ಟ. ಈಗ ಮಳೆಗಾಲದ ಸಂಜೆ ಆ ತಿರುವಿಗೆ ಬಂದರೆ ಮೊದಲು ಪರಿಮಳ ಬರುತ್ತದೆ, ಆಮೇಲೆ ಬಿಳಿ ಹೂ ಕಾಣುತ್ತದೆ. ಕಸ ಹಾಕುತ್ತಿದ್ದ ಜಾಗ ಅದೇ.

ಹೂ ಬಂದ ಮೇಲೆ ಹೂ ಕೊಯ್ಯುವವರೂ ಬಂದರು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಎಲ್ಲ ಊರಿನಲ್ಲೂ ಜನ ಸೋತು ಕೈಬಿಡುವುದು ಇಲ್ಲೇ. ಬೆಳಗಿನ ಜಾವ ಐದೂವರೆಗೆ ಕೈಯಲ್ಲಿ ಕೊಟ್ಟೆ, ತುದಿಗೆ ಕೊಕ್ಕೆ ಕಟ್ಟಿದ ಕೋಲು. ವಾಕಿಂಗ್ ಬಂದವರು ಒಂದು ಗಿಡವನ್ನೂ ಬಿಡದೆ ಕೊಯ್ದುಕೊಂಡು ಹೋಗುತ್ತಿದ್ದರು. ಮೊಗ್ಗನ್ನೂ ಬಿಡುತ್ತಿರಲಿಲ್ಲ. ಏಳು ಗಂಟೆಗೆ ಎದ್ದು ಬಂದರೆ ಬರೀ ತೊಟ್ಟು. ಗುಂಪಿನವರಿಗೆ ರೇಗಿಹೋಯಿತು. ಕ್ಯಾಮೆರಾ ಹಾಕೋಣ, ಬೋರ್ಡು ಹಾಕೋಣ, ಹಿಡಿದು ಕೇಳೋಣ ಅಂತ ಜೋರು ಚರ್ಚೆ.

ನಾನು ಒಂದು ಬೆಳಿಗ್ಗೆ ಕಾದು ನಿಂತೆ. ಬಂದವರು ಅರವತ್ತು ದಾಟಿದ ಒಬ್ಬ ಅಕ್ಕ. ನನ್ನನ್ನು ಕಂಡು ಕೊಟ್ಟೆಯನ್ನು ಸೆರಗಿನ ಹಿಂದೆ ಇಟ್ಟುಕೊಂಡರು. "ಎಷ್ಟು ಹೂ ಬೇಕಕ್ಕ ನಿಮಗೆ ಪೂಜೆಗೆ?" ಅಂತ ಕೇಳಿದೆ. ಬಾಡಿಗೆ ಮನೆ, ಎರಡನೇ ಮಹಡಿ, ಒಂದು ಗಿಡ ಇಡಲೂ ಜಾಗ ಇಲ್ಲ ಅಂದರು. ಮೊದಲು ಹಳ್ಳಿಯಲ್ಲಿದ್ದಾಗ ಬುಟ್ಟಿ ತುಂಬ ಹೂ ಕೊಯ್ಯುತ್ತಿದ್ದರಂತೆ. ಹೇಳುತ್ತಾ ಅವರ ಕಣ್ಣು ತುಂಬಿತು. ಬೈಯಲು ಅಂತ ಹೋದವಳು ನಾನು, ಇಬ್ಬರೂ ಅಲ್ಲೇ ಕಟ್ಟೆ ಮೇಲೆ ಕೂತು ಅರ್ಧ ಗಂಟೆ ಮಾತಾಡಿದೆವು.

ಆ ವಾರವೇ ಶಾಲೆಯ ಕಂಪೌಂಡಿಗೆ ತಾಗಿ ಇನ್ನೊಂದು ಸಾಲು ಮಾಡಿದೆವು. ದಾಸವಾಳ, ನಂದಿಬಟ್ಟಲು, ಗೊರಟೆ, ಕೇಪಳ. ದಾಸವಾಳದ ಕೊಂಬೆ ಪೆನ್ಸಿಲ್ ದಪ್ಪ, ಒಂದು ಗೇಣು ಉದ್ದ ಇದ್ದರೆ ಸಾಕು, ಮಳೆಯಲ್ಲಿ ಓರೆಯಾಗಿ ಚುಚ್ಚಿದರೆ ಚಿಗುರುತ್ತದೆ. ಅದಕ್ಕೆ ದೇವರ ಸಾಲು ಅಂತ ಹೆಸರಿಟ್ಟೆವು. ಬೋರ್ಡಿನಲ್ಲಿ ಬರೆದದ್ದು ಇಷ್ಟು: "ಪೂಜೆಗೆ ಈ ಸಾಲಿನ ಹೂ ಕೊಯ್ದುಕೊಳ್ಳಿ. ಹೋಗುವಾಗ ಒಂದು ತಂಬಿಗೆ ನೀರು ಹಾಕಿ." ಪಕ್ಕದಲ್ಲಿ ಒಂದು ಡ್ರಮ್ಮು, ಸರಪಳಿ ಹಾಕಿದ ತಂಬಿಗೆ. ಡೇರೆಗೆ ಕೈ ಹಾಕುವವರು ಪೂರ್ತಿ ನಿಂತರು ಅಂತ ಹೇಳಲಾರೆ, ತುಂಬಾ ಕಡಿಮೆಯಾದರು. ಬೇಸಿಗೆಯಲ್ಲಿ ಆ ಸಾಲಿಗೆ ನಾವು ನೀರು ಹಾಕಿದ್ದು ಬಹಳ ಕಡಿಮೆ. ಹೂ ಕೊಯ್ಯುವವರೇ ಹಾಕಿದರು.

ನೀರು ದೊಡ್ಡ ಕಷ್ಟ. ಮಳೆನಾಡು ಅನ್ನುತ್ತಾರೆ, ಡಿಸೆಂಬರಿನಿಂದ ಮೇವರೆಗೆ ಮಳೆ ತೀರ ಕಡಿಮೆ. ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುತ್ತದೆ. ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಹುಲಿಕಲ್–ಕುದೂರು ದಾರಿಯ ಆಲದ ಗಿಡಗಳಿಗೆ ಕೊಡದಲ್ಲಿ ನೀರು ಹೊತ್ತದ್ದು ಎಲ್ಲರಿಗೂ ಗೊತ್ತು. ನಾವು ಮನೆ ಎದುರಿಗೆ ಒಂದು ಕೊಡ ಹೊರಲಾರೆವಾ? ಅಕ್ಕಿ, ತರಕಾರಿ ತೊಳೆದ ನೀರು ಬಕೆಟ್ಟಿಗೆ ತುಂಬಿಸಿ ಸಂಜೆ ಹಾಕುತ್ತೇವೆ. ಮರದ ಸಸಿಗಳಿಗೆ ಐದು ಲೀಟರ್ ಎಣ್ಣೆ ಕ್ಯಾನಿನ ತಳಕ್ಕೆ ಸೂಜಿಯಿಂದ ತೂತು ಮಾಡಿ ಬುಡದಲ್ಲಿ ಇಟ್ಟಿದ್ದೇವೆ. ವಾರಕ್ಕೆ ಎರಡು ಸಲ ತುಂಬಿದರೆ ಸಾಕು. ಮೇಲೆ ದರಕು (ಒಣ ಎಲೆ) ದಪ್ಪಗೆ ಹಾಸಬೇಕು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದು ಸರಿಯಾಗಿ ಈ ಒಣಕಾಲದಲ್ಲೇ. ಊರಿಗೆ ಜನ ಬರುವಾಗ ರಸ್ತೆ ಬಣ್ಣವಾಗಿರಬೇಕು ಅಂತ ಆಸೆ ಇತ್ತು. ಅದಕ್ಕೆ ಕಾಗದದ ಹೂವಿನ ಬಳ್ಳಿ ಹಾಕಿದೆವು. ನೀರು ಕಡಿಮೆಯಾದಷ್ಟೂ ಅದು ಜಾಸ್ತಿ ಹೂ ಬಿಡುತ್ತದೆ.

ಮೂರನೇ ವರ್ಷ, ಆಗಸ್ಟ್ ತಿಂಗಳು, ಡೇರೆ ತುಂಬಿ ನಿಂತಿದ್ದಾಗ ಕೇಬಲ್ ಹಾಕುವವರು ಜೆಸಿಬಿ ತಂದು ಅರ್ಧ ಸಾಲನ್ನು ಅಗೆದು ಹಾಕಿದರು. ಒಂದು ಮಾತೂ ಕೇಳಿರಲಿಲ್ಲ. ನಾನು ಪೇಟೆಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಶಾಲೆ ಬಿಟ್ಟ ಮಕ್ಕಳು ಚೀಲ ಬದಿಗಿಟ್ಟು ಕೆಸರು ರಾಶಿಯಲ್ಲಿ ಗೆಡ್ಡೆ ಹುಡುಕುತ್ತಿದ್ದರು. ಮೊಣಕೈವರೆಗೆ ಕೆಂಪು ಕೆಸರು. ಎರಡು ಬುಟ್ಟಿ ಸಿಕ್ಕಿತು. ಆದರೆ ಡೇರೆ ಆಲೂಗಡ್ಡೆಯ ಹಾಗಲ್ಲ. ಅದರ ಕಣ್ಣು ಇರುವುದು ಗೆಡ್ಡೆಯ ಮೈಮೇಲೆ ಅಲ್ಲ, ಕಾಂಡಕ್ಕೆ ಸೇರುವ ಕತ್ತಿನಲ್ಲಿ. ಕತ್ತು ಮುರಿದ ಗೆಡ್ಡೆ ಎಷ್ಟು ದಪ್ಪ ಇದ್ದರೂ ಮೊಳೆಯುವುದಿಲ್ಲ. ಕೂತು ಆರಿಸಿದಾಗ ಉಳಿದದ್ದು ಮೂರರಲ್ಲಿ ಒಂದು ಪಾಲು. ಆ ವರ್ಷದಿಂದ ಹಂಚುವ ಮೊದಲು ಪ್ರತಿ ಮನೆಯಲ್ಲೂ ಒಂದು ಜೊತೆ ಗೆಡ್ಡೆ ಬೇರೆ ತೆಗೆದಿಡುತ್ತೇವೆ. ನಮ್ಮ ಫೋನ್ ನಂಬರನ್ನು ಬೇಲಿಯ ಮೇಲೆ ಬರೆದು ಹಾಕಿದ್ದೇವೆ, ಅಗೆಯುವ ಮೊದಲು ಒಂದು ಕರೆ ಮಾಡಿ ಅಂತ. ಎರಡು ಸಲ ಕರೆ ಬಂದಿದೆ.

ಅಗೆದ ಜಾಗದಲ್ಲಿ ಮರುವರ್ಷ ಯಾರೂ ಬಿತ್ತದೆಯೇ ಗೌರಿ ಹೂ ಬಂತು. ಅದರ ಕಾಯಿ ಮುಟ್ಟಿದರೆ ಸಿಡಿಯುತ್ತದೆ, ಮಕ್ಕಳು ದಾರಿಯುದ್ದಕ್ಕೂ ಸಿಡಿಸುತ್ತಾ ಹೋಗಿದ್ದರು. ಹಬ್ಬದ ಹೊತ್ತಿಗೆ ಅಲ್ಲಿ ಗುಲಾಬಿ, ಕೆಂಪು, ಬಿಳಿ ಎಲ್ಲ ಕಲಸಿಕೊಂಡು ನಿಂತಿತ್ತು.

ಈಗ ಮನೆಗಳು 23. ಖರ್ಚು ಕಡಿಮೆ, ದಬ್ಬೆ, ಗೊಬ್ಬರ ಸಾಗಿಸುವ ಬಾಡಿಗೆ ಅಷ್ಟೇ. ನವೆಂಬರಿನಲ್ಲಿ ಗಿಡ ಒಣಗಿದ ಮೇಲೆ ಕಾಂಡವನ್ನು ಅರ್ಧ ಅಡಿ ಬಿಟ್ಟು ಕತ್ತರಿಸಿ, ಗೆಡ್ಡೆ ಕಿತ್ತು, ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿದ ಒಣ ಮಣ್ಣಿನಲ್ಲಿ ಇಡುತ್ತೇವೆ. ತಿಂಗಳಿಗೊಮ್ಮೆ ಕೈಯಾಡಿಸಿ ಕೊಳೆತದ್ದನ್ನು ತೆಗೆಯಬೇಕು. ಮೊನ್ನೆ ಅಟ್ಟ ಹತ್ತಿ ನೋಡಿದೆ. ಕತ್ತಿನ ಹತ್ತಿರ ಜೋಳದ ಕಾಳಿನಷ್ಟು ಕೆಂಪು ಮೊಳಕೆ. ಆ ಅಜ್ಜಿ ಕೊಟ್ಟ ಬಿಳಿ ಅಂಚಿನದ್ದಕ್ಕೆ ಎರಡು ಗಂಟಿನ ದಾರ ಇನ್ನೂ ಹಾಗೇ ಇದೆ. ಎರಡನೇ ಮಹಡಿಯ ಅಕ್ಕ ಈ ಸಲ ಅದರಲ್ಲಿ ಒಂದು ತನಗೆ ಅಂತ ಹೇಳಿಟ್ಟಿದ್ದಾರೆ, ದೇವರ ಸಾಲಿನ ತುದಿಯಲ್ಲಿ ನೆಡಲು.