‘ಸಮ್ಮರ್‌ನಲ್ಲಿ ಬನ್ನಿ’ ಎಂದು ಇಂಗ್ಲಿಷಿನಲ್ಲಿ ಬರೆಯುವ ಮೊದಲು

ಬೇಕಲದ ಕಡೆ ಹೋಂಸ್ಟೇ ನಡೆಸುವವರು, ಪರದೇಶದ ನೆಂಟರಿಗೆ ಜಾತ್ರೆಯ ಕಾಗದ ಕಳಿಸುವವರು, ಯಕ್ಷಗಾನ ಮೇಳದ ಬಗ್ಗೆ ಹೊರಗಿನವರಿಗೆ ಮೇಲ್ ಹಾಕುವವರು, ಹೀಗೆ ಕಾಸರಗೋಡಿನಲ್ಲಿ ಇಂಗ್ಲಿಷ್ ಬರೆಯಬೇಕಾದವರು ತುಂಬ ಜನ. ವರ್ಷ ವರ್ಷ ಬರುವ ಕಾಲದ ಮಾತು ಬಂದಾಗ ಎಲ್ಲರೂ ಒಂದು ಗಳಿಗೆ ನಿಲ್ಲುತ್ತಾರೆ. ವ್ಯಾಕರಣ ಆಮೇಲೆ ನೋಡೋಣ. ಮೊದಲು ತಿಂಗಳು ಬರೆಯಿರಿ.

ಯಾಕೆಂದರೆ ‘ಸಮ್ಮರ್’ ಅಂದರೆ ನಮಗೆ ಮಾರ್ಚ್‌ನಿಂದ ಮೇ. ಇಂಗ್ಲೆಂಡಿನವರಿಗೆ ಅದು ಜೂನ್‌ನಿಂದ ಆಗಸ್ಟ್, ಆಸ್ಟ್ರೇಲಿಯಾದವರಿಗೆ ಡಿಸೆಂಬರ್‌ನಿಂದ ಫೆಬ್ರವರಿ. ನೀವು ‘ಕಮ್ ಇನ್ ಸಮ್ಮರ್’ ಅಂತ ಬರೆದು, ಅದನ್ನು ನಂಬಿ ಲಂಡನ್ನಿನ ಕುಟುಂಬವೊಂದು ಜುಲೈ ಕೊನೆಗೆ ಟಿಕೆಟ್ ಮಾಡಿಸಿದರೆ, ಅವರು ಬಂದು ಇಳಿಯುವುದು ತುಳುವರ ಆಟಿ ತಿಂಗಳ ಮಳೆಗೆ. ಅವರ ತಪ್ಪೇನೂ ಇಲ್ಲ ಅಲ್ವಾ? ‘ಇನ್ ಏಪ್ರಿಲ್ ಆರ್ ಮೇ’ ಅಂದರೆ ಮುಗಿಯಿತು. ‘ವಿಂಟರ್’ ಕೂಡ ಹಾಗೆಯೇ. ನಮ್ಮ ಚಳಿಗಾಲಕ್ಕೆ ಸ್ವೆಟರ್ ಕೂಡ ಬೇಡ. ‘ದ ಡ್ರೈ ಮಂತ್ಸ್, ಡಿಸೆಂಬರ್ ಟು ಫೆಬ್ರವರಿ’ ಅನ್ನುವುದೇ ಒಳ್ಳೆಯದು.

ಮಳೆಗೆ ‘ಮಾನ್ಸೂನ್’ ಸರಿಯಾದ ಪದವೇ. ಆದರೆ ನಮ್ಮಲ್ಲಿ ಮಳೆ ಎರಡು ಸಲ: ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಒಂದು, ಅಕ್ಟೋಬರ್‌ನಲ್ಲಿ ಸಂಜೆ ಹೊತ್ತು ಗುಡುಗು ಮಿಂಚಿನ ಜೊತೆ ಬರುವ ತುಲಾ ಮಳೆ ಇನ್ನೊಂದು. ಮೊದಲನೆಯದು ‘ದ ಸೌತ್‌ವೆಸ್ಟ್ ಮಾನ್ಸೂನ್’, ಎರಡನೆಯದು ‘ದ ನಾರ್ತ್‌ಈಸ್ಟ್ ಮಾನ್ಸೂನ್’. ಇಲ್ಲಿ ‘ದ’ ಬಿಡಬೇಡಿ. ‘ಇನ್ ಸಮ್ಮರ್’ ಅನ್ನಬಹುದು, ‘ಇನ್ ದ ಸಮ್ಮರ್’ ಕೂಡ ನಡೆಯುತ್ತದೆ, ಆದರೆ ‘ರೈನಿ ಸೀಸನ್’, ‘ಮಾನ್ಸೂನ್’ ಎರಡಕ್ಕೂ ‘ಇನ್’ ಅಥವಾ ‘ಡ್ಯೂರಿಂಗ್’ ಜೊತೆ ‘ದ’ ಬೇಕೇ ಬೇಕು. ಅಡಿಕೆಗೆ ಮದ್ದು ಬಿಡುವ ವಿಷಯ ಬರೆಯುವವರು ಹೀಗೆ ಬರೆಯಬಹುದು: ‘ವಿ ಸ್ಪ್ರೇ ಬೋರ್ಡೋ ಮಿಕ್ಸ್ಚರ್ ಜಸ್ಟ್ ಬಿಫೋರ್ ದ ಮಾನ್ಸೂನ್, ಅಂಡ್ ಅಗೇನ್ ಎಬೌಟ್ ಸಿಕ್ಸ್ ವೀಕ್ಸ್ ಲೇಟರ್.’

ಇನ್ನು ‘ಎವ್ರಿ’. ಇದರ ಹಿಂದೆ ‘ಇನ್’ ಸುಮ್ನೆ ಸೇರಿಸುವವರು ಜಾಸ್ತಿ. ‘ಇನ್ ಎವ್ರಿ ಡಿಸೆಂಬರ್’ ಬೇಡ, ‘ಎವ್ರಿ ಡಿಸೆಂಬರ್’ ಸಾಕು. ‘ಲಾಸ್ಟ್ ಸಮ್ಮರ್’, ‘ನೆಕ್ಸ್ಟ್ ಜೂನ್’, ‘ದಿಸ್ ಇಯರ್’ ಇವಕ್ಕೂ ಅಷ್ಟೇ. ‘ಇನ್ ದ ಮಂತ್ ಆಫ್ ಜೂನ್’ ಅಂತ ಎಳೆಯಬೇಕಾಗಿಲ್ಲ, ‘ಇನ್ ಜೂನ್’. ಒಂದೇ ದಿನವಾದರೆ ‘ಆನ್ ವಿಷು’, ನಾಲ್ಕಾರು ದಿನವಾದರೆ ‘ಡ್ಯೂರಿಂಗ್ ನವರಾತ್ರಿ’.

ಕ್ರಿಯಾಪದದಲ್ಲಿ ಎಡವುವುದು ಇದಕ್ಕಿಂತ ದೊಡ್ಡದು. ‘ದ ಟ್ರೂಪ್ ವಿಲ್ ಟೂರ್ ಫ್ರಮ್ ನವೆಂಬರ್’ ಅಂದರೆ ಓದುವವರಿಗೆ ಬರುವ ನವೆಂಬರಿನ ಮಾತು ಮಾತ್ರ. ಪ್ರತಿ ವರ್ಷದ ತಿರುಗಾಟ ಅನ್ನಬೇಕಿದ್ದರೆ ‘ದ ಟ್ರೂಪ್ ಟೂರ್ಸ್ ಫ್ರಮ್ ನವೆಂಬರ್ ಟು ಲೇಟ್ ಮೇ ಎವ್ರಿ ಇಯರ್’ ಆಗಬೇಕು. ದೀಪಾವಳಿಯಂತೆ ದಿನ ಬದಲಾಗುವ ಹಬ್ಬವಾದರೆ ‘ಇನ್ ಅಕ್ಟೋಬರ್ ಆರ್ ನವೆಂಬರ್’ ಅಂತ ಬರೆದು, ಆ ವರ್ಷದ ತಾರೀಕನ್ನು ಬೇರೆಯೇ ಕೊಡಿ.

ನಮ್ಮದೇ ಹೆಸರುಗಳನ್ನು ಮಾತ್ರ ದಯವಿಟ್ಟು ಬಿಡಬೇಡಿ. ಆಟಿಗೆ ಇಂಗ್ಲಿಷ್ ಹೆಸರು ಹುಡುಕುತ್ತಾ ಕೂರುವುದಕ್ಕಿಂತ ‘ಆಟಿ, ಫ್ರಮ್ ಮಿಡ್ ಜುಲೈ ಟು ಮಿಡ್ ಆಗಸ್ಟ್’ ಅನ್ನಿ. ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಯನ್ನು ‘ಎಂಡ್ ಆಫ್ ಸೀಸನ್’ ಅಂತಷ್ಟೇ ಬರೆದರೆ ಅದರ ಘನತೆ ಹೋಗುತ್ತದೆ. ‘ಪತ್ತನಾಜೆ, ಅರೌಂಡ್ 24 ಮೇ, ವೆನ್ ದ ಟೂರಿಂಗ್ ಸೀಸನ್ ಎಂಡ್ಸ್’ ಅಂದರೆ ಹೆಸರೂ ಉಳಿಯಿತು, ಅರ್ಥವೂ ಆಯಿತು. ಓಣಂ, ಆಟಿ, ತಿಂಗಳುಗಳ ಹೆಸರು ದೊಡ್ಡಕ್ಷರದಲ್ಲಿ ಶುರುವಾಗಲಿ. ಸಮ್ಮರ್, ಮಾನ್ಸೂನ್ ಚಿಕ್ಕಕ್ಷರದಲ್ಲೇ ಇರಲಿ.

ಕೊನೆಗೆ, ‘ಬೈಆ್ಯನ್ಯುಅಲ್’ ಅಂದರೆ ವರ್ಷಕ್ಕೆ ಎರಡು ಸಲ, ‘ಬೈಎನಿಯಲ್’ ಅಂದರೆ ಎರಡು ವರ್ಷಕ್ಕೊಮ್ಮೆ. ‘ಬೈಮಂತ್ಲಿ’ಗಂತೂ ಡಿಕ್ಷನರಿಯಲ್ಲೇ ತಿಂಗಳಿಗೆ ಎರಡು ಸಲ, ಎರಡು ತಿಂಗಳಿಗೊಮ್ಮೆ ಅಂತ ಎರಡೂ ಅರ್ಥ ಇದೆ. ಈ ಮೂರನ್ನೂ ಬಿಟ್ಟು ‘ಟ್ವೈಸ್ ಎ ಇಯರ್’, ‘ಎವ್ರಿ ಟೂ ಇಯರ್ಸ್’, ‘ಎವ್ರಿ ಟೂ ಮಂತ್ಸ್’ ಅಂತ ಬಿಡಿಸಿ ಬರೆಯಿರಿ. ‘ಫೋರ್ಟ್‌ನೈಟ್ಲಿ’ ಇಲ್ಲಿಯವರಿಗೆ, ಬ್ರಿಟನ್ನಿನವರಿಗೆ ಗೊತ್ತು. ಅಮೆರಿಕದವರಿಗೆ ‘ಎವ್ರಿ ಟೂ ವೀಕ್ಸ್’ ಅನ್ನಿ.