ಸೆಕೆಗಾಲದ ಓಟ: ಅರವತ್ತು ದಾಟಿದವರಿಗೆ ಒಂದು ಸಲಹೆ

ಮಾರ್ಚ್‌ನಿಂದ ಮೇವರೆಗೆ ಮಂಗಳೂರಿನಲ್ಲಿ ಸ್ಪರ್ಧೆಗೆ ಇಳಿಯುವ ಹಿರಿಯ ಓಟಗಾರರು ಬಿಸಿಲಿನಷ್ಟೇ ಸೆಕೆಗೂ ಎಚ್ಚರ ವಹಿಸಬೇಕು. ಕಡಲ ಗಾಳಿಯ ತೇವದಿಂದ ಬೆವರು ಬೇಗ ಆರದಿರುವುದರಿಂದ, ಸೂರ್ಯ ಹುಟ್ಟುವ ಮೊದಲೇ ಪಣಂಬೂರಿನಲ್ಲಿ ಓಡಿದರೂ ಮೈ ಸರಿಯಾಗಿ ತಣಿಯುವುದಿಲ್ಲ. ವಯಸ್ಸಾದಂತೆ ಬಾಯಾರಿಕೆಯ ಅರಿವೂ ಕುಗ್ಗುತ್ತದೆ. ಆದ್ದರಿಂದ ಅಭ್ಯಾಸದ ಮೊದಲು ಮತ್ತು ನಂತರ ತೂಕ ನೋಡಿಕೊಳ್ಳಿ: 1 ಕಿಲೋ ಇಳಿದಿದ್ದರೆ ಸುಮಾರು 1 ಲೀಟರ್ ನೀರು ಹೋಗಿದೆ ಎಂದರ್ಥ. ನಾನು ಅದನ್ನು ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿಯ ತೆಳಿಯಿಂದ ನಿಧಾನವಾಗಿ ತುಂಬಿಕೊಳ್ಳುತ್ತೇನೆ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ಉಪ್ಪಿನ ವಿಚಾರವನ್ನೂ ಓಟದ ವಿಚಾರವನ್ನೂ ದಯವಿಟ್ಟು ವೈದ್ಯರಲ್ಲಿ ಕೇಳಿಯೇ ನಿರ್ಧರಿಸಿ. ದೇಹ ಸೆಕೆಗೆ ಒಗ್ಗಲು 10ರಿಂದ 14 ದಿನ ಬೇಕು. ಓಟದ ನಡುವೆ ತಲೆ ಸುತ್ತಿದರೆ ಕೂಡಲೇ ನಿಂತು ನೆರಳಿಗೆ ಬನ್ನಿ. ಜೊತೆಗಾರರ ಮಾತು ತಡವರಿಸಿದರೆ ಮೈಮೇಲೆ ತಣ್ಣೀರು ಸುರಿಯುತ್ತಲೇ ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಿ.